ಧಾರವಾಡ ಜಿಲ್ಲೆಯಲ್ಲಿ ಹೂಗಳ ಛಾಯಾಗ್ರಹಣ

ಹೂಗಳ ಛಾಯಾಗ್ರಹಣವು ಕಾಡುಹೂ, ಬೆಳೆಯ ಹೂ ಹಾಗೂ ಕೈತೋಟದ ಹೂಗಳನ್ನು ಚಿತ್ರಿಸುವ ಪ್ರಕೃತಿ ಛಾಯಾಗ್ರಹಣದ ಒಂದು ವಿಭಾಗ. ಧಾರವಾಡ ಜಿಲ್ಲೆಯ ಅರೆಮಲೆನಾಡಾದ ಕಲಘಟಗಿಯಲ್ಲಿ ಮಳೆಗಾಲದ ಕಾಡುಹೂಗಳು, ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಎರೆಹೊಲಗಳಲ್ಲಿ ಹತ್ತಿ, ಕುಸುಬೆ ಮುಂತಾದ ಬೆಳೆಗಳ ಹೂಗಳು ಹವ್ಯಾಸಿಗಳಿಗೆ ದೊರೆಯುತ್ತವೆ.

ಬಣ್ಣದ ಬದಲಾವಣೆ

ಕೆಲವು ಹೂಗಳ ಬಣ್ಣ ದಿನಕಳೆದಂತೆ ಬದಲಾಗುವುದರಿಂದ, ಒಂದೇ ಚಿತ್ರವನ್ನು ನೋಡಿ ಸಸ್ಯವನ್ನು ತಪ್ಪಾಗಿ ಗುರುತಿಸುವ ಸಾಧ್ಯತೆಯಿದೆ. ಬೇಲಿ, ಪೊದೆಗಳ ಮೇಲೆ ಹಬ್ಬುವ ಗೌರಿ ಹೂವಿನ ಎಸಳುಗಳು ಹಸಿರು-ಹಳದಿಯಿಂದ ಕಡುಗೆಂಪಿಗೆ ತಿರುಗುತ್ತವೆ. ಅಮೆರಿಕನ್ ಹತ್ತಿಯ ಹೂ ಅರಳಿದ ದಿನ ಕೆನೆಬಣ್ಣದ್ದಾಗಿದ್ದು, ಮರುದಿನ ಗುಲಾಬಿ ಬಣ್ಣ ತಳೆಯುತ್ತದೆ. ಕುಸುಬೆಯ ಹಳದಿ ಹೂ ಬಾಡುತ್ತ ಕೆಂಪಾಗುತ್ತದೆ. ಆದ್ದರಿಂದ ಒಂದೇ ಗಿಡವನ್ನು ಸತತವಾಗಿ ಕೆಲವು ದಿನ ಚಿತ್ರಿಸುವುದು ಉಪಯುಕ್ತ.

ವಿಧಾನ

ಮರಗಳು ವಿರಳವಾದ ಎರೆಬಯಲಿನಲ್ಲಿ ಗಾಳಿಗೆ ಹೂ ಅಲುಗಿ ಚಿತ್ರ ಮಸುಕಾಗುತ್ತದೆ. ಗಾಳಿ ಕಡಿಮೆಯಿರುವ ಮುಂಜಾವು ಮತ್ತು ಸೆಕೆಂಡಿನ 1/250 ಭಾಗ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಶಟರ್ ಇದಕ್ಕೆ ಸೂಕ್ತ. ಸಣ್ಣ ಹೂಗಳಿಗೆ ಮ್ಯಾಕ್ರೋ ಮಸೂರವನ್ನು ಬಳಸಲಾಗುತ್ತದೆ. ಹೂವಿನೊಂದಿಗೆ ಎಲೆ, ಕಾಂಡ ಮತ್ತು ಇಡೀ ಗಿಡದ ಚಿತ್ರಗಳಿದ್ದು, ಸ್ಥಳ ಹಾಗೂ ದಿನಾಂಕ ದಾಖಲಾಗಿದ್ದರೆ ಸಸ್ಯವನ್ನು ಗುರುತಿಸುವುದು ಸುಲಭ.

ಎಚ್ಚರಿಕೆ

ಹೂವನ್ನು ಕೀಳದೆ ಗಿಡದಲ್ಲಿಯೇ ಚಿತ್ರಿಸಿದರೆ ಬೀಜ ಕಟ್ಟಲು ಅಡ್ಡಿಯಾಗುವುದಿಲ್ಲ. ಗೌರಿ ಹೂವಿನ ಬಳ್ಳಿಯ ಎಲ್ಲ ಭಾಗಗಳೂ ವಿಷಕಾರಿ. ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಸ್ತುವಿದೆ.