ರೀಟ್ ಹಣ ಬಂತು, ತೆರಿಗೆ ಎಷ್ಟು?

ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನ ಕಂಪನಿಗಳು ಕಟ್ಟುವ ಬಾಡಿಗೆಯಲ್ಲಿ ನಿಮಗೂ ಪಾಲು ಸಿಗಬಹುದು. ಕೋಟಿ ಬೇಡ, ಕೆಲವು ನೂರು ರೂಪಾಯಿ ಸಾಕು. ಅದಕ್ಕಿರುವ ದಾರಿಯೇ ರೀಟ್, ಅಂದರೆ ರಿಯಲ್ ಎಸ್ಟೇಟ್ ಇನ್‌ವೆಸ್ಟ್‌ಮೆಂಟ್ ಟ್ರಸ್ಟ್. ಹಲವರ ಹಣ ಸೇರಿಸಿ ದೊಡ್ಡ ಕಚೇರಿ ಕಟ್ಟಡ, ಮಾಲ್‌ಗಳನ್ನು ಹೊಂದುವ ಟ್ರಸ್ಟ್ ಇದು. ಷೇರುಪೇಟೆಯ ನಿಯಂತ್ರಕ ಸೆಬಿ ಇದಕ್ಕೆ ನಿಯಮ ಮಾಡಿದ್ದು 2014ರಲ್ಲಿ. ಷೇರುಪೇಟೆಗೆ ಮೊದಲು ಬಂದದ್ದು 2019ರಲ್ಲಿ, ಎಂಬೆಸಿ ಆಫೀಸ್ ಪಾರ್ಕ್ಸ್ ರೀಟ್. ಮಾನ್ಯತಾ ಇರುವುದು ಇದರಲ್ಲೇ. ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್, ಮಾಲ್‌ಗಳ ನೆಕ್ಸಸ್ ಆಮೇಲೆ ಬಂದವು.

ವಿತರಣೆಗೆ ಸಿಗುವ ನಗದಿನಲ್ಲಿ ಶೇ. 90ರಷ್ಟನ್ನಾದರೂ ಟ್ರಸ್ಟ್ ಯೂನಿಟ್‌ದಾರರಿಗೆ, ಅಂದರೆ ಅದರ ಯೂನಿಟ್ ಎಂಬ ಪಾಲು ಕೊಂಡವರಿಗೆ ಹಂಚಲೇಬೇಕು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹಣ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯಲ್ಲಿ ಒಂದೇ ಮೊತ್ತ ಕಾಣುತ್ತದೆ. ತೆರಿಗೆ ಇಲಾಖೆಯ ಕಣ್ಣಿಗೆ ಮಾತ್ರ ಅದು ಮೂರು ಬೇರೆ ಬೇರೆ ಹಣ.

ಯಾಕೆ ಹೀಗೆ? ಕಟ್ಟಡಗಳು ಹೆಚ್ಚಾಗಿ ಟ್ರಸ್ಟಿನ ಹೆಸರಿನಲ್ಲಿ ನೇರವಾಗಿ ಇರುವುದಿಲ್ಲ. ಎಸ್‌ಪಿವಿ ಎಂಬ ಅಧೀನ ಕಂಪನಿಗಳ ಹೆಸರಿನಲ್ಲಿರುತ್ತವೆ. ಬಾಡಿಗೆ ವಸೂಲಿ ಮಾಡುವುದು ಆ ಕಂಪನಿ. ಟ್ರಸ್ಟ್ ಅದಕ್ಕೆ ಸಾಲವನ್ನೂ ಕೊಟ್ಟಿರುತ್ತದೆ, ಅದರ ಷೇರನ್ನೂ ಹೊಂದಿರುತ್ತದೆ. ಹೀಗಾಗಿ ಬಾಡಿಗೆ ಹಣ ಮೇಲಕ್ಕೆ ಬರುವಾಗ ಬಡ್ಡಿ, ಡಿವಿಡೆಂಡ್ ಎಂಬ ಲಾಭಾಂಶ, ಸಾಲದ ಅಸಲು ಎಂದು ಮೂರು ಪಾಲಾಗುತ್ತದೆ. ಈ ಬಡ್ಡಿ, ಲಾಭಾಂಶಗಳ ಮೇಲೆ ಟ್ರಸ್ಟ್ ತೆರಿಗೆ ಕಟ್ಟುವುದಿಲ್ಲ. ಲೆಕ್ಕ ನಿಮ್ಮ ಕೈಗೆ ದಾಟುತ್ತದೆ.

ಬಡ್ಡಿಯ ಪಾಲು ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್ ಅಂದರೆ ತೆರಿಗೆ ಹಂತದ ದರದಲ್ಲೇ ತೆರಿಗೆ ಬೀಳುತ್ತದೆ. ಮನೆ ಬಾಡಿಗೆಗೆ ಸಿಗುವ ಶೇ. 30ರ ಕಡಿತ ಇಲ್ಲಿ ಸಿಗುವುದಿಲ್ಲ. ಲಾಭಾಂಶದ ನಿಯಮ ಬೇರೆ. ಎಸ್‌ಪಿವಿ ಕಂಪನಿ ಶೇ. 22ರ ರಿಯಾಯಿತಿ ತೆರಿಗೆ ದರವನ್ನು ಆಯ್ದುಕೊಂಡಿದ್ದರೆ ನೀವು ತೆರಿಗೆ ಕಟ್ಟಬೇಕು. ಆಯ್ದುಕೊಳ್ಳದಿದ್ದರೆ ನಿಮಗೆ ಪೂರ್ತಿ ಮಾಫಿ. ಹಾಗೆಂದು ಸರ್ಕಾರ ಬಿಟ್ಟುಕೊಟ್ಟಿತು ಎಂದುಕೊಳ್ಳಬೇಡಿ. ಕಂಪನಿ ತನ್ನ ಮಟ್ಟದಲ್ಲಿ ತೆರಿಗೆ ಕಟ್ಟಿಯೇ ಇರುತ್ತದೆ.

ಮೂರನೆಯದು ಅಸಲಿನ ಪಾಲು. ಬಂದಾಗ ತೆರಿಗೆಯಿಲ್ಲ. ಆದರೆ 2023ರ ಏಪ್ರಿಲ್‌ನಿಂದ ಅದನ್ನು ನಿಮ್ಮ ಖರೀದಿ ಬೆಲೆಯಿಂದ ಕಳೆಯಬೇಕು. 300 ರೂಪಾಯಿಗೆ ಕೊಂಡ ಯೂನಿಟ್‌ಗೆ 1 ರೂಪಾಯಿ ಅಸಲು ಬಂದರೆ, ಮಾರುವ ದಿನ ನಿಮ್ಮ ಖರೀದಿ ಬೆಲೆ 299. ಲಾಭ ಅಷ್ಟು ಹೆಚ್ಚಾಗುತ್ತದೆ. ತೆರಿಗೆ ತಪ್ಪಲಿಲ್ಲ, ಮುಂದಕ್ಕೆ ಹೋಯಿತು.

ಒಂದು ಕಾಲ್ಪನಿಕ ಲೆಕ್ಕ ನೋಡಿ. ನಿಮ್ಮ ಬಳಿ 1,000 ಯೂನಿಟ್ ಇವೆ. ಯೂನಿಟ್‌ಗೆ 6 ರೂಪಾಯಿ ಬಂತು: ಬಡ್ಡಿ 2, ಮಾಫಿ ಇರುವ ಲಾಭಾಂಶ 3, ಅಸಲು 1. ನೀವು ಶೇ. 30ರ ಹಂತದವರಾದರೆ 2,000 ರೂಪಾಯಿ ಬಡ್ಡಿಗೆ ಸೆಸ್ ಎಂಬ ಉಪತೆರಿಗೆ ಸೇರಿ 624 ರೂಪಾಯಿ ತೆರಿಗೆ. ಅದೇ ಲಾಭಾಂಶಕ್ಕೂ ತೆರಿಗೆ ಇದ್ದಿದ್ದರೆ 1,560. ಬಂದ ಹಣ ಅದೇ 6,000. ಆದ್ದರಿಂದ ವರ್ಷಕ್ಕೆ ಶೇಕಡಾ ಇಷ್ಟು ಆದಾಯ ಎಂಬ ಜಾಹೀರಾತಿನ ಅಂಕಿ ನೋಡಿ ರೀಟ್ ಆರಿಸಬೇಡಿ. ಪ್ರತಿ ವಿತರಣೆಯ ಜೊತೆ ಟ್ರಸ್ಟ್ ಪ್ರಕಟಿಸುವ ವಿಂಗಡಣೆ ನೋಡಿ. ಹೆಚ್ಚು ತೆರಿಗೆ ಹಂತದವರಿಗೆ ಮಾಫಿ ಲಾಭಾಂಶ ಹೆಚ್ಚಿರುವ ರೀಟ್ ಒಳ್ಳೆಯದು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದೊಳಗೆ ಆದಾಯವಿರುವ ನಿವೃತ್ತರಿಗೆ ಬಡ್ಡಿ ಹೆಚ್ಚಿದ್ದರೂ ಚಿಂತೆಯಿಲ್ಲ, ರಿಬೇಟ್ ಎಂಬ ತೆರಿಗೆ ರಿಯಾಯಿತಿ ಕಾಯುತ್ತದೆ. ವಿದೇಶದಲ್ಲಿರುವ ಮಕ್ಕಳಿಗೆ ಬಡ್ಡಿ ಮೇಲೆ ಇಲ್ಲಿನ ತೆರಿಗೆ ಶೇ. 5 ಮಾತ್ರ, ಸರ್ಚಾರ್ಜ್ ಮತ್ತು ಸೆಸ್ ಬೇರೆ. ಅವರಿರುವ ದೇಶದ ಲೆಕ್ಕವನ್ನು ಅಲ್ಲೇ ಕೇಳಬೇಕು.

ಇಲ್ಲಿನವರಿಗೆ ಬಡ್ಡಿ ಮತ್ತು ತೆರಿಗೆ ಬೀಳುವ ಲಾಭಾಂಶದಿಂದ ಶೇ. 10 ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಕನಿಷ್ಠ ಮಿತಿ ಇಲ್ಲ, 50 ರೂಪಾಯಿ ಬಡ್ಡಿಗೂ 5 ರೂಪಾಯಿ ಹೋಗುತ್ತದೆ. ತೆರಿಗೆ ಕಟ್ಟಬೇಕಿಲ್ಲದವರು ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಸಂಬಳದಾರರೂ ಸಹಜ್ ಎಂಬ ಸರಳ ನಮೂನೆ ಬಿಟ್ಟು ಐಟಿಆರ್-2 ತುಂಬಬೇಕು. ಟ್ರಸ್ಟ್ ವರ್ಷಕ್ಕೊಮ್ಮೆ ಕಳಿಸುವ ಆದಾಯದ ವಿವರವನ್ನು ಜೋಪಾನವಾಗಿಡಿ, ಅಸಲಿನ ಲೆಕ್ಕ ಮಾರುವವರೆಗೂ ಬೇಕು.

ಮಾರಿದಾಗ ಬಂಡವಾಳ ಲಾಭ ತೆರಿಗೆ. 2024ರ ಜುಲೈ 23ರಿಂದ 12 ತಿಂಗಳು ದಾಟಿದ ಯೂನಿಟ್‌ಗಳಿಗೆ ದೀರ್ಘಾವಧಿ ದರ ಶೇ. 12.5. ಅದಕ್ಕೂ ಮುನ್ನ 36 ತಿಂಗಳು ಕಾಯಬೇಕಿತ್ತು. ಷೇರು, ಈಕ್ವಿಟಿ ಫಂಡ್ ಎಲ್ಲ ಸೇರಿಸಿ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ವಿನಾಯಿತಿ. ವರ್ಷದೊಳಗೆ ಮಾರಿದರೆ ಶೇ. 20. ಮೇಲೆ ಹೇಳಿದ ರಿಬೇಟ್ ಈ ಲಾಭಕ್ಕೆ ಅನ್ವಯಿಸುವುದಿಲ್ಲ.

ಕೊಳ್ಳುವುದು ಷೇರು ಕೊಂಡಂತೆಯೇ. ಡಿಮ್ಯಾಟ್ ಖಾತೆಯಿಂದ, ಎನ್‌ಎಸ್‌ಇ ಅಥವಾ ಬಿಎಸ್‌ಇಯಲ್ಲಿ, ಒಂದೇ ಯೂನಿಟ್ ಕೂಡ. ಬ್ರೋಕರೇಜ್ ಮತ್ತು ಸಣ್ಣಪುಟ್ಟ ಶುಲ್ಕ ಇರುತ್ತದೆ, ನೋಂದಣಿ ಕಚೇರಿಗೆ ಅಲೆಯುವ ಕೆಲಸವಿಲ್ಲ. ಯೂನಿಟ್ ಬೆಲೆ ಏರುತ್ತದೆ, ಇಳಿಯುತ್ತದೆ. ಬ್ಯಾಂಕ್ ಠೇವಣಿ ಎಂದುಕೊಂಡು ಕೊಳ್ಳಬೇಡಿ.