‘ವರ್ಗಾವಣೆ ಆಡಳಿತದ ಹಕ್ಕು’ ಎಂದು ಬಾಯಿ ಮುಚ್ಚಿಸುವವರಿಗೆ

ಕಚೇರಿಯಲ್ಲಿ ಲೈಂಗಿಕ ಕಿರುಕುಳವಾಗಿದೆ ಎಂದು ದೂರು ಕೊಟ್ಟವಳನ್ನು ದೂರದ ಊರಿಗೆ ಎತ್ತಂಗಡಿ ಮಾಡಿದಾಗ ಬಂಧುಗಳು, ಸಹೋದ್ಯೋಗಿಗಳು, ಕೆಲವೊಮ್ಮೆ ನೌಕರರ ಸಂಘದವರೂ ಒಂದೇ ಮಾತು ಹೇಳುತ್ತಾರೆ: ‘ವರ್ಗಾವಣೆ ಆಡಳಿತದ ಹಕ್ಕಮ್ಮಾ, ಕೋರ್ಟು ಕೈ ಹಾಕಲ್ಲ.’ ಕೇಳಿ ಕೇಳಿ ರೋಸಿಹೋಗಿದೆ. ಇದರಲ್ಲಿ ಅರ್ಧ ನಿಜವಿದೆ, ಹಾಗಾಗಿಯೇ ಎಲ್ಲರೂ ನಂಬುತ್ತಾರೆ.

ವರ್ಗಾವಣೆ ನೌಕರಿಯ ಭಾಗ, ಒಪ್ಪೋಣ. ಆದರೆ ದುರುದ್ದೇಶ ಕಂಡರೆ ನ್ಯಾಯಾಲಯ ಆದೇಶವನ್ನೇ ರದ್ದು ಮಾಡುತ್ತದೆ. ಪಂಜಾಬ್ ಅಂಡ್ ಸಿಂಧ್ ಬ್ಯಾಂಕಿನ ಇಂದೋರ್ ಶಾಖೆಯ ಅಧಿಕಾರಿಯೊಬ್ಬರು ಮದ್ಯದ ಗುತ್ತಿಗೆದಾರರ ಖಾತೆಗಳಲ್ಲಿನ ಅಕ್ರಮದ ಬಗ್ಗೆ ಬರೆದರು, ಮೇಲಧಿಕಾರಿಯ ಕಿರುಕುಳದ ಬಗ್ಗೆಯೂ ದೂರಿದರು. ಸ್ಕೇಲ್ ನಾಲ್ಕರ ಆಕೆಯನ್ನು ಜಬಲ್‌ಪುರ ಜಿಲ್ಲೆಯಲ್ಲಿ ಸ್ಕೇಲ್ ಒಂದರ ಕಿರಿಯ ಅಧಿಕಾರಿ ಕೂರುವ ಕುರ್ಚಿಗೆ ಕಳಿಸಿದರು. ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದು, ಆಕೆಯನ್ನು ಇಂದೋರಿಗೆ ಮರಳಿಸಿ 50,000 ರೂಪಾಯಿ ಖರ್ಚನ್ನೂ ಕೊಡಿಸಿತು.

ಗೆದ್ದದ್ದು ಕಾಗದಪತ್ರದ ಬಲದಿಂದ. ‘ನನ್ನ ಮೇಲೆ ಸೇಡು’ ಎಂದರೆ ಸಾಲದು, ಅದನ್ನು ತೋರಿಸುವ ಭಾರ ನೌಕರರದ್ದೇ. ದೂರಿನ ತಾರೀಕು, ಆದೇಶದ ತಾರೀಕು, ಅದಕ್ಕೆ ಮೊದಲಿನ ಕಾರ್ಯಕ್ಷಮತಾ ವರದಿ, ಹೊಸ ಹುದ್ದೆಯ ದರ್ಜೆ: ಇವನ್ನು ಸಾಲಾಗಿ ಇಟ್ಟರೆ ಉದ್ದೇಶ ತಾನಾಗಿ ಕಾಣುತ್ತದೆ. ಹಾಗೆಂದು ತಡೆಯಾಜ್ಞೆ ಸಿಗುವ ಮೊದಲೇ ಹೊಸ ಜಾಗಕ್ಕೆ ಹಾಜರಾಗದೆ ಮನೆಯಲ್ಲಿ ಕೂರಬೇಡಿ, ದಯವಿಟ್ಟು. ಮನವಿ ಕೊಟ್ಟಿದ್ದೇನೆ ಎಂಬ ಕಾರಣ ಗೈರುಹಾಜರಿಗೆ ರಕ್ಷಣೆಯಲ್ಲ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾರ್ಖಾನೆಯ ಕಾರ್ಮಿಕರಿಗೂ ದಾರಿಯಿದೆ: ನೀತಿಯ ನೆಪದಲ್ಲಿ ದುರುದ್ದೇಶದಿಂದ ಮಾಡುವ ವರ್ಗಾವಣೆ ಕಾನೂನಿನ ಪ್ರಕಾರವೇ ಅನುಚಿತ ಕಾರ್ಮಿಕ ಪದ್ಧತಿ.

‘ಸಾಬೀತಾಗದಿದ್ದರೆ ದೂರಿದವಳಿಗೇ ಶಿಕ್ಷೆ’ ಎಂಬುದೂ ಸುಳ್ಳು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 14ನೇ ಕಲಮು, ಪುರಾವೆ ಸಾಲದೆ ಹೋದ ಮಾತ್ರಕ್ಕೆ ಕ್ರಮ ಬೇಕಿಲ್ಲ ಎನ್ನುತ್ತದೆ. ದುರುದ್ದೇಶ ಬೇರೆಯಾಗಿ ವಿಚಾರಣೆಯಲ್ಲಿ ಸಿದ್ಧವಾಗಬೇಕು. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯಲ್ಲಿ ದುಡಿಯುವವಳು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

ಕಾಯ್ದೆಯನ್ನು ಓದದವರ ಸಲಹೆಗೆ ನಮ್ಮಲ್ಲಿ ಎಷ್ಟೊಂದು ಬೆಲೆ! ‘ಸ್ವಲ್ಪ ಕಾದು ನೋಡು, ದೊಡ್ಡವರು ಮಾತಾಡಿ ಸರಿಮಾಡ್ತಾರೆ’ ಎನ್ನುತ್ತಾರೆ. ಆದರೆ ಘಟನೆಯ ನಂತರ ದೂರು ಕೊಡಲು ಇರುವುದೇ ಮೂರು ತಿಂಗಳು. ಬಲವಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ.