ತಾಮ್ರದ ಕಾಸಿನ ಮೂಲವರ್ಣ

ಮೈಸೂರು ಸೀಮೆಯಿಂದ ಚೆನ್ನೈಗೆ ಬಂದು ನೆಲಸಿದ ಕನ್ನಡಿಗರ ಮನೆಗಳಲ್ಲಿ, ದೇವರ ಪೆಟ್ಟಿಗೆಯಲ್ಲಿಯೋ ಹಿರಿಯರ ಕೈಪೆಟ್ಟಿಗೆಯ ಅಡಿಯಲ್ಲಿಯೋ ಹಳೆಯ ತಾಮ್ರದ ಕಾಸುಗಳು ದೊರೆಯುವುದುಂಟು. ಟಿಪ್ಪುವಿನ ಆನೆಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ ಎಂಬ ಕನ್ನಡ ಬರಹವುಳ್ಳ ನಾಣ್ಯ ಇವೇ ಮೊದಲಾದುವು ಆ ಜಾತಿಯವು. ಇವು ಕೈಗೆ ಬಂದಾಗ ಕಂದಾಗಿಯೋ ಕಪ್ಪಾಗಿಯೋ ಹಸುರಾಗಿಯೋ ಇರುವುವು. ಆಗ ಇವನ್ನು ಉಜ್ಜಿ ಮೊದಲಿನ ಕೆಂಪಿಗೆ ತರಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಹೇಳುವ ಮುನ್ನ ಆ ಕೆಂಪು ಎಲ್ಲಿ ಹೋಯಿತೆಂಬುದನ್ನು ತಿಳಿಯಬೇಕು.

ಟಂಕಸಾಲೆಯಿಂದ ಆಗತಾನೆ ಹೊರಬಂದ ತಾಮ್ರದ ನಾಣ್ಯ ನಸುಗೆಂಪಾಗಿ ಹೊಳೆಯುತ್ತದೆ. ಗಾಳಿಯಲ್ಲಿನ ಆಮ್ಲಜನಕ ಅದರೊಡನೆ ಕೂಡಿ ಮೊದಲು ಕಂದುಗೆಂಪಿನ ಆಕ್ಸೈಡಿನ ತೆಳುಪೊರೆಯಾಗುತ್ತದೆ. ಗಂಧಕದ ಅನಿಲಗಳು ತಾಗಿದರೆ ಮೇಲ್ಮೈ ಕಪ್ಪಾಗುತ್ತದೆ. ತೇವ ಮತ್ತು ಇಂಗಾಲಾಮ್ಲಗಳ ಸಂಯೋಗದಿಂದ ಹಸುರು ಕಾರ್ಬೊನೇಟು ಹುಟ್ಟುತ್ತದೆ. ಆದಕಾರಣ ಬಣ್ಣ ಬದಲಾಯಿತೆಂದರೆ ಲೋಹದ ಮೇಲೆ ಹೊರಗಿನ ಕೊಳೆ ಕೂತಿತೆಂದಲ್ಲ. ಮೇಲ್ಮೈಯ ತಾಮ್ರವೇ ಬೇರೊಂದು ವಸ್ತುವಾಗಿ ಪರಿಣಮಿಸಿತೆಂದರ್ಥ.

ಗಾಳಿ ತಾಗದಿದ್ದರೆ ಏನಾಗುವುದೆಂಬುದಕ್ಕೆ ಚೆನ್ನೈಗೇ ಸಂಬಂಧಿಸಿದ ಒಂದು ನಿದರ್ಶನವಿದೆ. ಮದರಾಸು ಪ್ರಾಂತ್ಯದಲ್ಲಿ ಚಲಾವಣೆಗೆಂದು ಈಸ್ಟ್ ಇಂಡಿಯಾ ಕಂಪೆನಿಯವರು ೧೮೦೮ರ ವರ್ಷಾಂಕದ ೧೦ ಮತ್ತು ೨೦ ಕಾಸಿನ ತಾಮ್ರನಾಣ್ಯಗಳನ್ನು ಇಂಗ್ಲೆಂಡಿನ ಸೋಹೋ ಟಂಕಸಾಲೆಯಲ್ಲಿ ಅಚ್ಚೊತ್ತಿಸಿದರು. ಅವನ್ನು ಹೊತ್ತು ಹೊರಟ ‘ಅಡ್ಮಿರಲ್ ಗಾರ್ಡ್ನರ್’ ಎಂಬ ಹಡಗು ೧೮೦೯ರ ಜನವರಿಯಲ್ಲಿ ಇಂಗ್ಲೆಂಡಿನ ತೀರದ ಬಳಿಯ ಗುಡ್ವಿನ್ ಮರಳುದಿಣ್ಣೆಗಳ ಮೇಲೆ ಒಡೆದು ಮುಳುಗಿತು. ೧೯೮೦ರ ದಶಕದಲ್ಲಿ ನಾಣ್ಯಗಳನ್ನು ಮೇಲೆತ್ತಿದಾಗ, ಪೀಪಾಯಿಗಳಲ್ಲಿ ಒತ್ತಾಗಿ ತುಂಬಿದ್ದವುಗಳ ಪೈಕಿ ಹಲವು ಮೊದಲಿನ ಕೆಂಪು ಛಾಯೆಯನ್ನು ಇನ್ನೂ ಉಳಿಸಿಕೊಂಡಿದ್ದುವು. ಸಮುದ್ರದ ನೀರು ನೇರವಾಗಿ ತಾಗಿದವು ಸವೆದು ಹೋಗಿದ್ದುವು. ಒಂದೇ ಅಚ್ಚಿನ, ಒಂದೇ ಹಡಗಿನ ಕಾಸುಗಳಲ್ಲಿ ಇಂತಹ ಭೇದಕ್ಕೆ ಕಾರಣ ಅವುಗಳ ವಯಸ್ಸಲ್ಲ, ಪರಿಸರ. ಹಳೆಯ ತಾಮ್ರ ಮೂಲವರ್ಣವನ್ನು ಉಳಿಸಿಕೊಳ್ಳಬಲ್ಲದು. ಆದರೆ ಆದಿಯಿಂದಲೂ ರಕ್ಷಣೆ ಇದ್ದಲ್ಲಿ ಮಾತ್ರ.

ನಮ್ಮ ಮನೆಗಳ ಕಾಸುಗಳಿಗೆ ಆ ಅದೃಷ್ಟವಿಲ್ಲ. ಉತ್ತರ ಚೆನ್ನೈನ ಮಾಧವರಂ ಅನ್ನು ನೋಡಿದರೆ ಸಾಕು. ಸಮುದ್ರ ಅಲ್ಲಿಗೆ ಸುಮಾರು ೮ ಕಿಲೋಮೀಟರು. ಪಕ್ಕದ ಮಣಲಿಯಲ್ಲಿ ತೈಲ ಶುದ್ಧೀಕರಣದ ಮತ್ತು ಗೊಬ್ಬರದ ಕಾರ್ಖಾನೆಗಳಿವೆ. ಉಪ್ಪಿನ ಕಣ, ಗಂಧಕದ ಅನಿಲ, ವರ್ಷದ ಬಹುಭಾಗ ತೇವದ ಗಾಳಿ, ಈ ಮೂರೂ ಅಲ್ಲಿ ಒಂದುಗೂಡಿವೆ.

ಇವುಗಳಲ್ಲಿ ಉಪ್ಪೇ ಪರಮಶತ್ರು. ಅದರ ಕ್ಲೋರೈಡು ತಾಮ್ರದೊಳಗೆ ಸೇರಿದರೆ, ತೇವ ಸಿಕ್ಕಾಗಲೆಲ್ಲ ಆಮ್ಲ ಹುಟ್ಟಿ, ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿಂದು, ಕಾರ್ಯ ತಾನೇ ತಾನಾಗಿ ಮುಂದುವರಿಯುತ್ತದೆ. ಇದನ್ನು ಸಂರಕ್ಷಣಶಾಸ್ತ್ರಜ್ಞರು ‘ಕಂಚಿನ ರೋಗ’ ಎನ್ನುವರು. ಗಟ್ಟಿಯಾಗಿ ನುಣುಪಾಗಿ ಅಂಟಿಕೊಂಡಿರುವ ಕಡುಹಸುರು ಸಾಮಾನ್ಯವಾಗಿ ನಿರಪಾಯಕರ. ಪುಡಿಪುಡಿಯಾಗಿ ಉದುರುವ ತಿಳಿಹಸುರು ಕಿಲುಬು ರೋಗದ ಲಕ್ಷಣ. ಸುತ್ತಣ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ ೪೦ಕ್ಕಿಂತ ಕೆಳಗಿದ್ದರೆ ಈ ರೋಗ ಬಹುಮಟ್ಟಿಗೆ ಅಡಗಿರುತ್ತದೆ. ಚೆನ್ನೈನ ಬಯಲುಗಾಳಿಯಲ್ಲಿ ಅದು ದುರ್ಲಭ.

ನಮ್ಮ ಅಡಿಗೆಮನೆಯ ವಾಡಿಕೆಯನ್ನು ಇಲ್ಲಿ ಪರಿಶೀಲಿಸಬೇಕು. ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಉಪ್ಪುಗಳಿಂದ ತಿಕ್ಕಿ ಬೆಳಗುವುದು ತಕ್ಕದ್ದೇ. ಹುಣಸೆಯ ಆಮ್ಲ ಆಕ್ಸೈಡನ್ನು ಕರಗಿಸಿ ಒಳಗಿನ ಲೋಹವನ್ನು ತೋರಿಸುತ್ತದೆ. ತಂಬಿಗೆಗೆ ಅಷ್ಟೇ ಸಾಕು. ಕಾಸಿನ ಮಾತು ಬೇರೆ. ಅಚ್ಚಿನ ಮೂಲ ಮೇಲ್ಮೈ ಎಷ್ಟೋ ವೇಳೆ ಆ ಕಂದು ಪೊರೆಯಲ್ಲಿಯೇ ಉಳಿದಿರುತ್ತದೆ. ಪೊರೆ ಕರಗಿದರೆ ಆನೆಯ ಸೊಂಡಿಲೂ ಕನ್ನಡ ಅಕ್ಷರದ ಒತ್ತೂ ಅದರೊಡನೆ ಕರಗುವುವು. ಸಾಲದ್ದಕ್ಕೆ, ತಿಕ್ಕಿದ ಉಪ್ಪು ಸೂಕ್ಷ್ಮರಂಧ್ರಗಳಲ್ಲಿ ನಿಂತು ರೋಗಕ್ಕೆ ಬೀಜವಾಗುತ್ತದೆ. ಹೀಗೆ ಬಂದ ಕೆಂಪು ಮೂಲವರ್ಣವಲ್ಲ. ಹೊಸದಾಗಿ ತೆರೆದ ಗಾಯದ ಬಣ್ಣ. ಅದೂ ಕೆಲವು ವಾರಗಳಲ್ಲಿ ಮಂಕಾಗುವುದು.

ಚಿಕಿತ್ಸೆಯೇ ಇಲ್ಲವೆಂದಲ್ಲ. ಎಗ್ಮೋರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿ ೧೯೩೦ರಲ್ಲಿಯೇ ರಾಸಾಯನಿಕ ಸಂರಕ್ಷಣೆಯ ಪ್ರಯೋಗಶಾಲೆ ಸ್ಥಾಪಿತವಾಯಿತು, ಎಸ್. ಪರಮಶಿವನ್ ಅವರು ಅಲ್ಲಿ ವಿದ್ಯುದ್ವಿಶ್ಲೇಷಣಕ್ರಮದಿಂದ ಕಂಚಿನ ವಸ್ತುಗಳ ಕಿಲುಬನ್ನು ನೀಗಿಸಿದರು. ೧೯೬೦ರ ದಶಕದಿಂದೀಚೆಗೆ ಬೆಂಜೋಟ್ರಯಜೋಲ್ ಎಂಬ ದ್ರವ್ಯದಿಂದ ರೋಗವನ್ನು ತಡೆಯುವ ಕ್ರಮ ರೂಢಿಗೆ ಬಂದಿದೆ. ಅದು ವಿಷಯುಕ್ತವಾದುದರಿಂದ ತಜ್ಞರ ಕೈಯಲ್ಲಿರಬೇಕಾದದ್ದು. ಇವೆಲ್ಲದರ ಗುರಿ ನಾಣ್ಯದ ಕ್ಷಯವನ್ನು ನಿಲ್ಲಿಸುವುದು, ಬಣ್ಣವನ್ನು ಮರಳಿಸುವುದಲ್ಲ.

ಗೃಹಸ್ಥರು ಮಾಡಬಹುದಾದದ್ದು ಸ್ವಲ್ಪವೇ. ಆದರೆ ಅದು ಸಾಕು. ಕಾಸನ್ನು ಬೆವರುಗೈಯಿಂದ ಮುಟ್ಟದೆ ಅಂಚು ಹಿಡಿದು ಎತ್ತಬೇಕು. ಪಿ.ವಿ.ಸಿ. ಚೀಲದಲ್ಲಿ ಇಡಬಾರದು, ಏಕೆಂದರೆ ಕಾಲಕ್ರಮದಲ್ಲಿ ಅದೇ ಕ್ಲೋರಿನ್ನಿನ ಆಮ್ಲವನ್ನು ಬಿಡುತ್ತದೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಟ್ಟು, ಆ ಜೆಲ್ಲನ್ನು ಆಗಾಗ ಬದಲಿಸಬೇಕು. ತಿಳಿಹಸುರು ಪುಡಿ ಕಂಡ ಕಾಸನ್ನು ಉಳಿದವುಗಳಿಂದ ಬೇರ್ಪಡಿಸಿ ತಜ್ಞರಿಗೆ ತೋರಿಸಬೇಕು. ಎಲ್ಲಕ್ಕಿಂತ ಮೊದಲು ಎರಡೂ ಮುಖಗಳ ಛಾಯಾಚಿತ್ರ ತೆಗೆದು, ತೂಕವನ್ನೂ ಕಾಣುವ ಅಕ್ಷರಗಳನ್ನೂ ಬರೆದಿಡುವುದು ಉಚಿತ. ಕಂದಾದ ಕಾಸಿನ ಮೇಲಣ ‘ಮಯಿಲಿ ಕಾಸು’ ಎಂಬ ಬರಹ ಇತಿಹಾಸಕ್ಕೆ ಸಾಕ್ಷಿ. ಬೆಳಗಿ ಕೆಂಪಾಗಿಸಿ ಅಕ್ಷರವನ್ನು ಅಳಿಸಿದ ಮೇಲೆ ಉಳಿಯುವುದು ಒಂದು ತುಂಡು ತಾಮ್ರ ಮಾತ್ರ.